ಎಂಟನೇ ರೋಲು

ಒಂದು ಲೀಟರಿಗೆ ಎಂಟು ರೋಲು,
ಕಲಸಿದ ಮೇಲೆ ಮೂರು ವಾರ ಆಯುಸ್ಸು
ಎಂದು ಕಿಟ್ಟಿನ ಡಬ್ಬದ ಮೇಲೆ ಬರೆದಿದೆ.
ಆರು ತಿಂಗಳು ಕೂಡಿಟ್ಟರೂ ನನ್ನವು ಏಳೇ.
ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಹಿಂದೆ ಕೂತಿವೆ,
ಹೆಂಡತಿ ಮೊಟ್ಟೆಯ ಜೊತೆ ಅವನ್ನೂ ಎಣಿಸುತ್ತಾಳೆ.

ಎಂಟನೆಯದು ತಂದವರು ಸಲ್ಡಾನ್ಹಾ.
ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ
ಗಾಯಗಳ ಫೋಟೋ ತೆಗೆದವರು.
ಮುಖ ಬೇಡ, ಹೆಸರು ಬೇಡ, ನೀಲಿ ಬಟ್ಟೆಯ ಮೇಲೆ
ಕಾಲು, ಕುತ್ತಿಗೆ, ಹುಣ್ಣು, ಹೊಲಿಗೆ.
ಕತ್ತಲ ಹಾಲಿನಲ್ಲಿ ಪ್ರೊಜೆಕ್ಟರು ಟಕ್ ಎಂದರೆ
ಹೊಸ ಹುಡುಗರು ಎದ್ದು ಹೊರಗೋಡುತ್ತಿದ್ದರಂತೆ.
"ಇದು ಕಡೇ ರೋಲು. ತೊಳೆಸುವ ಮುಂಚೆ ಲ್ಯಾಬು ಮುಚ್ಚಿತು.
ಬಂದರೆ ಬರಲಿ. ಬಾರದಿದ್ದರೂ ನಿಮ್ಮ ಲೆಕ್ಕ ಸರಿಹೋಯಿತಲ್ಲ."

ನನಗೆ ರಸಾಯನ ಹೊಸದಲ್ಲ.
ಹಗಲೆಲ್ಲ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ
ನಲ್ಲಿ, ಚಿಲಕ, ಸ್ಕೂಟರ್ ಕನ್ನಡಿಯ ಕಡ್ಡಿ
ನಿಕಲ್ ತೊಟ್ಟಿಗೆ ಅದ್ದಿ ಹೊಳಪು ಕೊಡುತ್ತೇನೆ.
ಅಲ್ಲಿ ತಪ್ಪಿದರೆ ಉಜ್ಜಿ ಮತ್ತೆ ಅದ್ದಬಹುದು.
ಸ್ಲೈಡಿಗೆ ನೆಗೆಟಿವ್ ಇಲ್ಲ.
ಕ್ಯಾಮೆರಾದೊಳಗೆ ಕೂತಿದ್ದ ಪಟ್ಟಿಯೇ
ನಾಳೆ ಬೆಳಕಿಗೆ ಹಿಡಿಯುವ ಪಟ್ಟಿ.
ಕೆಟ್ಟರೆ ಕೆಟ್ಟಿತು.

ಭಾನುವಾರ, ಕಾವೇರಿ ನೀರು ಬಿಡುವ ದಿನ.
ಬೋರಿನ ನೀರು ಫಿಲ್ಮಿನ ಮೇಲೆ ಸುಣ್ಣದ ಚುಕ್ಕಿ ಇಡುತ್ತದೆ;
ಕೊನೆಯ ಸ್ನಾನಕ್ಕೆ ಪೆಟ್ರೋಲ್ ಬಂಕಿನಿಂದ
ಒಂದು ಕ್ಯಾನು ಬ್ಯಾಟರಿ ನೀರು.
ಬಚ್ಚಲಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಬಾಟಲಿಗಳು,
ಮೂವತ್ತೆಂಟು ಡಿಗ್ರಿ: ಶಾಲೆಗೆ ರಜೆ ಸಿಗುವಷ್ಟು ಜ್ವರ.
ಸಲ್ಡಾನ್ಹಾ ಮಣಿಕಟ್ಟು ಅದ್ದಿ
"ಇನ್ನೊಂದು ಚೊಂಬು ಬಿಸಿ" ಅಂದರು.
ಥರ್ಮಾಮೀಟರು ನೋಡಿದೆ.
ಒಂದೇ ಚೊಂಬು ಬೇಕಿತ್ತು.

ಔಷಧಿ ಹೊಸದಿರುವಾಗಲೇ ಎಂದು
ಅವರದನ್ನು ಮೊದಲು ಹಾಕಿದೆ.

ಮೊದಲನೆಯದು ಆರೂವರೆ ನಿಮಿಷ,
ಬೆಳಕು ತಾಗಿದ ಕಡೆಯೆಲ್ಲ ಕಪ್ಪು ಮಾಡುತ್ತದೆ.
ಅರ್ಧ ನಿಮಿಷಕ್ಕೊಮ್ಮೆ ಡಬ್ಬಿ ತಲೆಕೆಳಗು,
ಆಮೇಲೆ ತಳಕ್ಕೊಂದು ತಟ್ಟು, ತೇಗು ಬಾರದ ಕೂಸಿಗೆ ತಟ್ಟುವ ಹಾಗೆ.
ಎರಡನೆಯದು ಉಳಿದದ್ದನ್ನು ಹುಡುಕುತ್ತದೆ:
ಬೆಳಕು ಮುಟ್ಟದೆ ಬಿಟ್ಟ ಜಾಗಕ್ಕೇ ಬಣ್ಣ ಕಟ್ಟುತ್ತದೆ.
ಅದರ ನಡುವೆ ಕರೆಂಟು ಹೋಯಿತು.
ಗೋಡೆಯ ಗಡಿಯಾರ ಕಾಣದು, ಫೋನು ಹೊರಗೆ.
ಇನ್ನೂರು ಸೆಕೆಂಡು ಕತ್ತಲಲ್ಲೇ ಎಣಿಸಿದೆವು,
ನಾನು ಕನ್ನಡದಲ್ಲಿ, ಅವರು ಕೊಂಕಣಿಯಲ್ಲಿ.
ಇಬ್ಬರೂ ಒಟ್ಟಿಗೆ ಮುಟ್ಟಲಿಲ್ಲ.
ಅವರ ಎಣಿಕೆ ನಂಬಿದೆ.
ಮೂರನೆಯದು, ಮೂಗು ಹಿಂಡುವ ಕೆಂಪು ಕಷಾಯ,
ಬೆಳ್ಳಿಯನ್ನೆಲ್ಲ ಒಯ್ದುಬಿಡುತ್ತದೆ.
ಶೆಡ್ಡಿನಲ್ಲಿ ಲೋಹ ಕೂರಿಸುವುದೇ ನನ್ನ ಕೂಲಿ,
ಇಲ್ಲಿ ಲೋಹ ಹೋದರೆ ಚಿತ್ರ.

ರೀಲು ಬಿಚ್ಚಿದರೆ ಬರೀ ಹಾಲು ಹಾಲು ಮಬ್ಬು.
"ಒಣಗಲಿ, ಆಮೇಲೆ ಬೈಯಿರಿ" ಅಂದರು.
ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ಇಳಿಬಿಟ್ಟು
ಕಾಫಿ ಕುಡಿದು ಬಂದೆವು.

ಕಪ್ಪು ಕಪ್ಪಾಗಿರಲಿಲ್ಲ, ನೇರಳೆಹಣ್ಣಿನ ಕಲೆ.
ನೀಲಿ ಬಟ್ಟೆ ಹಸಿರಿಗೆ ಹೊರಳಿತ್ತು.
ಕರೆಂಟು ಬಂದ ಮೇಲೆ ಟ್ಯೂಬ್‌ಲೈಟಿಗೆ ಹಿಡಿದೆ:
ಹಿಮ್ಮಡಿ, ಬೆನ್ನು, ಮತ್ತೆ ಬೆನ್ನು,
ಯಾರದೋ ಮೊಣಕಾಲಿನ ಸುಟ್ಟ ಗಾಯ.
ಪ್ರತಿ ಗಾಯದ ಪಕ್ಕದಲ್ಲೂ ಅಳತೆಗೆಂದು
ಆರಿಂಚಿನ ಸ್ಕೇಲು, ಅದನ್ನು ಹಿಡಿದ ಎರಡು ಬೆರಳು.
ಮೂವತ್ತಾರರಲ್ಲೂ ಅವೇ ಬೆರಳು.
ಹೆಬ್ಬೆರಳ ಉಗುರಿನಲ್ಲಿ ಸಣ್ಣ ಸೀಳು.

ಸಲ್ಡಾನ್ಹಾ ಗಾಯ ನೋಡಲಿಲ್ಲ.
ಭೂತಗನ್ನಡಿಗೆ ಕಣ್ಣಿಟ್ಟು ಅಂಚಿನಲ್ಲೇ ಸರಿಯುತ್ತ
"ಸಿಸ್ಟರ್ ಗ್ಲಾಡಿಸ್" ಅಂದರು, ಒಮ್ಮೆ.
ನಾನೇನೂ ಕೇಳಲಿಲ್ಲ, ಕತ್ತರಿ ಕೊಟ್ಟೆ.
ಹದಿನಾಲ್ಕನೆಯದನ್ನು ಮಾತ್ರ ಕತ್ತರಿಸಿ
ರಟ್ಟಿನ ಚೌಕಟ್ಟಿಗೆ ಸೇರಿಸಿ ಜೇಬಿಗಿಟ್ಟರು.

"ನಿಮ್ಮ ಏಳರಲ್ಲಿ ಏನಿದೆ?"
ಫ್ಲೈಓವರು, ಬೋಗನ್‌ವಿಲ್ಲಾ, ನಾಯಂಡಹಳ್ಳಿಯ ಸಂಜೆ, ಅಂದೆ.
"ಅಳತೆಗೆ ಯಾರನ್ನಾದರೂ ನಿಲ್ಲಿಸಿದ್ದೀರಾ?"

ಬಕೆಟ್ಟು ಆರುತ್ತಿತ್ತು.
ಇನ್ನೊಂದು ಚೊಂಬು ಬಿಸಿ ತರಲು ಎದ್ದೆ.