ಹಗ್ಗದ ನಡುವೆ ಒಂದು ಮೊಳ

ತೋರಣಗಲ್ಲಿನ ಗೆಸ್ಟ್‌ಹೌಸಿನ ಹಿಂದೆ
ನನ್ನ ಮೇಜು, ನನ್ನ ಕೆಂಡದ ಇಸ್ತ್ರಿಪೆಟ್ಟಿಗೆ.
ಕರೆಂಟಿನದು ಕೊಡ್ತೀವಿ ಅಂದ್ರು, ಒಲ್ಲೆ ಅಂದೆ.
ಇದ್ದಿಲು ಬೂದಿಯಾಗೋ ವಾಸನಿ ಇರದಿದ್ರೆ
ನನಗ ಕೈ ಓಡೋದಿಲ್ಲ.

ಫ್ಯಾಕ್ಟರಿಗೆ ಒಲಿ ಕಟ್ಟಾಕ ಬಂದವ, ಮೂರು ತಿಂಗಳಿಗೆ.
ಹೆಸರು ಹ್ರಾಚ್ ಅಂತ. ನಾಲಿಗೆ ಹೊರಳಲಿಲ್ಲ,
ರಾಚಪ್ಪ ಅಂದೆ. ಓ ಅಂದ.
ನಾನು ಎರ್ರೆವ್ವ ಅಂದ್ರೆ ಬೆಚ್ಚಿ ಬಿದ್ದ;
ಅವನ ಊರೂ ಹಂಗೇ ಏನೋ ಅಂತೆ, ಎರೆವಾನ್.
ದೇಶ ಅರ್ಮೇನಿಯಾ. ಜರ್ಮನಿನಾ? ಅಂದೆ. ಅಲ್ಲವಂತೆ.
ಡ್ರೈವರ್ ಖಾಜಾ ನಡುವೆ ನಿಂತು
ಅವನ ಮಾತು ನನಗ, ನನ್ನ ಮಾತು ಅವಗ,
ಅರ್ಧ ಚೆಲ್ಲಿ ಅರ್ಧ ಮುಟ್ಟಿಸ್ತಿದ್ದ.

ಒಂದು ಅಂಗಿ ಇತ್ತು, ಬೂದು ಬಣ್ಣದ್ದು,
ಎದಿ ಮ್ಯಾಲೆ ದಾರದಾಗ ಹೊಲಿದ ಗುಡ್ಡ:
ದೊಡ್ಡದೊಂದು, ಮಗ್ಗುಲಾಗ ಸಣ್ಣದೊಂದು,
ತಲಿಗೆ ಬಿಳಿ ರುಮಾಲು.
ಪೆಟ್ಟಿಗೆ ಎತ್ತಿದೆ. ಓಡಿ ಬಂದ.
"ಅದರ ಮ್ಯಾಲೆ ಬ್ಯಾಡವಂತೆ," ಅಂದ ಖಾಜಾ,
"ಸುತ್ತ ಹಾಯಿಸು."
ಸುತ್ತ ಹಾಯಿಸಿದೆ. ಪ್ರದಕ್ಷಿಣಿ ಆತು.

ಮನಿಯೊಳಗ ಅದಕ್ಕ ಮಾಸಿಸ್ ಅಂತಾರಂತೆ,
ಹೊರಗಿನವರು ಅರಾರತ್ ಅಂತಾರ.
ಒಳಗ ಬೆಂಕಿ ಇತ್ತಂತೆ ಒಂದು ಕಾಲಕ್ಕ,
ಮ್ಯಾಲೆ ವರ್ಷವಿಡೀ ಮಂಜಿನ ಗಡ್ಡಿ.
ನಾನು ಪೆಟ್ಟಿಗೆ ಮುಚ್ಚಳ ತೆಗೆದು ಊದಿದೆ.
ಬೂದಿ ಹಾರಿತು, ಕೆಂಡ ಕಣ್ಣು ಬಿಟ್ಟಿತು.
"ಹಿಂಗ?" ಅಂದೆ.

ಜಲಪ್ರಳಯದಾಗ ದೋಣಿ ನಿಂತಿದ್ದು ಅಲ್ಲೇ, ಅಂದನಂತೆ.
ಖಾಜಾ ಅದನ್ನ ನನಗ ಹೇಳೋದು ಬಿಟ್ಟು
ಅವನ ಜೋಡಿನೇ ವಾದಕ್ಕಿಳಿದ:
ನೂಹ್ ನಬಿ ದೋಣಿ ನಿಂತ ಗುಡ್ಡ ಬ್ಯಾರೆ, ಹೆಸರು ಜೂದಿ.
ಇಬ್ಬರೂ ಮೊಬೈಲು ತೆಗೆದು ಆ ನೀರಿನಾಗ ಇಳಿದ್ರು.
ನಾನು ನಾಲ್ಕು ಪ್ಯಾಂಟು ಮುಗಿಸಿದೆ.

"ಹತ್ತೀಯೇನು ಅದನ್ನ?" ಕೇಳಿದೆ ಒಮ್ಮೆ.
ಇಲ್ಲ. ಗಡಿಯ ಆಚಿಗೈತಿ. ನಡುವೆ ಹೊಳಿ, ತಂತಿ.
ಮುತ್ತಜ್ಜಿ ಆ ಕಡಿಂದ ಓಡಿ ಬಂದಾಕಿ;
ಬರಲಾರದವರು ಬಹಳ, ಅಂದ. ಎಷ್ಟು ಅನ್ನಲಿಲ್ಲ.
ಆಮೇಲಿನ ಮಾತು ಖಾಜಾ ಕನ್ನಡ ಮಾಡಲಿಲ್ಲ.
ಸರಕಾರದ ಮುದ್ರಿ ಮ್ಯಾಲೆ ಐತಿ, ಬಾಟ್ಲಿ ಚೀಟಿ ಮ್ಯಾಲೆ ಐತಿ,
ಹುಡುಗರ ಪಾಟಿಚೀಲದ ಮ್ಯಾಲೆ ಐತಿ,
ಕಾಲಡಿಗೆ ಇಲ್ಲ.

ಅವರಜ್ಜಿ (ಅವ ಎರಡೂ ಕೈ ಎತ್ತಿ ತೋರಿಸಿದ)
ನಾಲ್ಕನೇ ಮಾಳಿಗಿಯಾಗ ಹಗ್ಗಕ್ಕ ಚಾದರ ಹರವುವಾಗ
ನಡುವೆ ಒಂದು ಮೊಳ ಬಿಡ್ತಿದ್ಲಂತೆ, ಖಾಲಿ.
ಗುಡ್ಡ ಕಾಣಬೇಕು.
ಮೋಡ ಕವಿದು ಏನೂ ಕಾಣದ ದಿನಾನೂ
ಬಿಡ್ತಿದ್ಲಂತೆ.

ನನಗೂ ಒಂದು ಗುಡ್ಡ ಐತಿ, ಅಂದೆ.
ತವರು ಸಂಡೂರು. ಕುಮಾರಸ್ವಾಮಿ.
ತಾಯಿ ಮ್ಯಾಲೆ ಮುನಿದು, ಕುಡಿದ ಮೊಲೆಹಾಲು ಕಕ್ಕಿ
ಗುಡ್ಡ ಸೇರಿದವ. ಆ ಹಾಲೇ ಅಲ್ಲಿ ವಿಭೂತಿ ಅಂತಾರ.
ಹೆಂಗಸರು ಅವನ ಮಾರಿ ನೋಡಬಾರದಂತೆ.
ಅವ್ವ ನೋಡಲಿಲ್ಲ, ಅವ್ವನ ಅವ್ವ ನೋಡಲಿಲ್ಲ.
ಅಪ್ಪ ಒಳಗ ಹೋದ್ರೆ ನಾವು ಮರದ ನೆರಳಿಗೆ
ಬುತ್ತಿ ಕಾಯ್ತಾ ಕೂಡ್ತಿದ್ವಿ.
ತಂತಿ ಇಲ್ಲ, ಪೊಲೀಸರಿಲ್ಲ.
ಹಣಿಗೆ ಹಚ್ಚಿಕೊಂಡ ಆ ಹಾಲಷ್ಟೇ ನನಗ ಗೊತ್ತು.

ಖಾಜಾ ಇದನ್ನೆಲ್ಲ ಹೆಂಗ ಹೇಳಿದನೋ,
ರಾಚಪ್ಪ ದಕ್ಷಿಣಕ್ಕ ತಿರುಗಿ ಬಹಳ ಹೊತ್ತು ನೋಡಿದ.
ಸಾಲು ಗುಡ್ಡ, ಮೆಟ್ಟಿಲು ಮೆಟ್ಟಿಲು ಕೊಯ್ದದ್ದು,
ಲಾರಿ ಇರುವಿ ಹಂಗ ಇಳೀತಿದ್ವು.
"ಆ ಮಣ್ಣೇ," ಅಂದ ಖಾಜಾ, "ಇವ ಕಟ್ಟೋ ಒಲಿಗೆ ಬರೋದು."
ನನಗಂದ. ಅವಗ ಹೇಳಿದನೋ ಇಲ್ಲೋ.
ರಾಚಪ್ಪ ಬೂಟಿನ ಕೆಂಪು ಧೂಳು
ಒರೆಸಾಕ ಬಗ್ಗಿದವ, ಒರೆಸದೆ ಎದ್ದ.

ಯುಗಾದಿ ಹಿಂದಿನ ದಿನ ಹೋದ.
ಆರು ಅಂಗಿಗೆ ಎಂಟು ಅಂಗಿ ದುಡ್ಡು ಕೊಟ್ಟ.

ಈಗ ನಾನೂ ಬಿಡ್ತೀನಿ ಒಂದು ಮೊಳ.
ಮ್ಯಾನೇಜರ್ ರುದ್ರಮುನಿ ಬೈತಾನ,
ಹಗ್ಗ ಖಾಲಿ ಇಟ್ಟು ಗ್ವಾಡಿಗೆ ಯಾಕ ಹರವೀದಿ?
ಇರ್ಲಿ ಬಿಡ್ರಿ, ಅಂತೀನಿ.
ಆ ಸಂದಿನಾಗ ಒಂದೊಂದು ಮುಂಜಾನಿ ಗುಡ್ಡ ನೀಲಿ ಇರ್ತೈತಿ,
ಇಡಿಯಾಗಿ ಐತೇನೋ ಅನ್ನೋ ಹಂಗ.
ಮಧ್ಯಾಹ್ನ ಸೈರನ್ನು. ಆಮ್ಯಾಲೆ ಒಂದು ಗುದ್ದು,
ಕಿವಿಗಿಂತ ಮೊದಲು ಕಾಲಿಗೆ ಕೇಳ್ತೈತಿ.
ಸಂಜಿಗೆ ಹನ್ನೆರಡೂ ಚಾದರದ ಮ್ಯಾಲೆ ಕೆಂಪು.
ಜಾಡಿಸ್ತೀನಿ. ಹೋಗಂಗಿಲ್ಲ.
ಮತ್ತೆ ಒಗೀಬೇಕು.