ಬಾಗಿಲು ಎತ್ತ ಕಡೆ

ಜೀಪಿಗೊಂದು ಗೂಡು ಬೇಕು ಅಂದಳು ಹಾಲ್ಬೆರಾ.
ಐಸ್‌ಲ್ಯಾಂಡಿನ ಈ ಬಡಗಣ ಕೊಲ್ಲಿಯಲ್ಲಿ
ಬೇಕು ಅಂದಷ್ಟು ಸುಲಭಕ್ಕೆ ಮರ ಸಿಗುವುದಿಲ್ಲ:
ಇಲ್ಲಿಯ ಅತಿ ಎತ್ತರದ ಗಿಡ
ಅವಳ ಗಂಬೂಟಿನ ಅಂಚು ಮುಟ್ಟುತ್ತದೆ.

ತಮ್ಮ ಕೇತಿಲ್ ಪಟ್ಟಣದಿಂದ ಪಟ್ಟಿ ತಂದ.
ಪೈನ್ ಹಲಗೆ, ಔಷಧಿ ಕುಡಿಸಿದ್ದು, ಹಸಿರು ಛಾಯೆ;
ಸುಕ್ಕು ತಗಡು, ಸತುವಿನ ಲೇಪ, ಮೂರು ಬಣ್ಣ;
ಇಲ್ಲವೇ ಪೂರಾ ಪೆಟ್ಟಿಗೆಯಲ್ಲೇ ಬರುವ ಗ್ಯಾರೇಜು,
ನೂರಾ ನಲವತ್ತು ಬೋಲ್ಟು, ಎರಡು ದಿನದ ಕೆಲಸ.
"ಮೂರನೆಯ ದಿನ ಗಾಳಿಯದು" ಎಂದಳು ಅವಳು,
ಪಟ್ಟಿ ಮಡಚಿ ಕಾಫಿ ಲೋಟದಡಿ ಇಟ್ಟಳು.

ಹಳೆಯ ಗೂಡಿನ ಬಾಗಿಲು ನೆನಪಿದೆ ಇಬ್ಬರಿಗೂ:
ಬಿಜಾಗರಿ ಸಮೇತ ಎದ್ದು, ಕುರಿಗಳ ಮೇಲಿಂದ ಹಾರಿ
ಪಾದ್ರಿಯ ಆಲೂಗಡ್ಡೆ ಪಾತಿಯಲ್ಲಿ
ಮಲಗಿತ್ತು, ಚಿಲಕ ಹಾಕಿಕೊಂಡೇ.

ಬೆಳಿಗ್ಗೆ ಕಡಲಂಚಿಗೆ ಹೋದೆವು. ನಾನು ಕೂಲಿಯವನು,
ಬಾಯಲ್ಲಿ ಮೊಳೆ ಇದ್ದಾಗ ಮಾತಾಡುವುದಿಲ್ಲ,
ಇಲ್ಲದಾಗಲೂ ಅಷ್ಟೆ.
ಕೊಲ್ಲಿಯ ತುಂಬ ಬೂದಿ ಬಣ್ಣದ ದಿಮ್ಮಿಗಳು.
ಯಾವುದೋ ಸೈಬೀರಿಯದ ನದಿ ಕೈಬಿಟ್ಟದ್ದನ್ನು
ಮಂಜುಗಡ್ಡೆ ಎತ್ತಿಕೊಂಡು, ಐದಾರು ವರ್ಷ ಸಾಕಿ,
ನಮ್ಮ ಕಲ್ಲಿಗೆ ತಂದು ಹಾಕುತ್ತದೆ. ಬಿಲ್ಲಿಲ್ಲ.

ಒಂದೊಂದಕ್ಕೂ ಹಾಲ್ಬೆರಾ ಕೊಡಲಿಯ ಬೆನ್ನಿಂದ ಕುಟ್ಟಿದಳು,
ಒಳಗೆ ಯಾರಿದ್ದೀರಿ ಎಂದು ಕೇಳುವಂತೆ.
ಠಣ್ ಅಂದದ್ದು ಕಂಬಕ್ಕೆ. ದೊಪ್ ಅಂದದ್ದು ಒಲೆಗೆ.
ಹುಳು ಕೊರೆದದ್ದು ಬೇಲಿಗೆ.
ಒಂದನ್ನು ನೆಕ್ಕಿಯೂ ನೋಡಿದಳು:
"ಉಪ್ಪು ಆಳಕ್ಕಿಳಿದಿದೆ. ನಮ್ಮಿಬ್ಬರಿಗಿಂತ ಬಾಳುತ್ತದೆ."
"ಗರಗಸ ಬಾಳುವುದಿಲ್ಲ" ಕೇತಿಲ್ ಅಂದ. ಅದೂ ನಿಜ:
ಸಂಜೆಯೊಳಗೆ ಮೂರು ಅಲಗು ಹಲ್ಲು ಉದುರಿಸಿಕೊಂಡವು.

ತಗಡಿನಲ್ಲಿ ಮಾತ್ರ ಅವನ ಮಾತು ನಡೆಯಿತು.
ಕಡಲ ಕಡೆಗೆ ದಪ್ಪನೆಯದು, ಬೆಟ್ಟದ ಕಡೆಗೆ ತೆಳ್ಳಗಿನದು,
ಮೊಳೆಯನ್ನು ಉಬ್ಬಿನ ಮೇಲೆ ಹೊಡೆ, ತಗ್ಗಿನಲ್ಲಲ್ಲ,
ತಗ್ಗಿನಲ್ಲಿ ನೀರು ಕೂತು ಯೋಚಿಸುತ್ತದೆ.
(ಇದು ಕೇತಿಲ್ ಹೇಳಿದ್ದು. ನಾನು ಬರೆದಿಟ್ಟುಕೊಂಡೆ.)

ನಾಲ್ಕನೆಯ ಕಂಬದ ತೊಗಟೆಯಿಲ್ಲದ ಬೆನ್ನಿನಲ್ಲಿ
ಒಂದು ಗುರುತು: ಮೂರು ಗೀರು, ಅಡ್ಡಲಾಗಿ ಇನ್ನೊಂದು.
ಕೊಡಲಿಯ ಕಚ್ಚು. ಯಾರೋ ಎಣಿಸಿದ್ದು, ಅಥವಾ ಸಹಿ,
ಅಥವಾ ಬರೀ ಊಟಕ್ಕೆ ಮುಂಚೆ ಅಲಗಿನ ಹರಿತ ನೋಡಿದ್ದು.
ಬಾಚಿ ಎತ್ತಿದ್ದೆ, ಇಳಿಸಿದೆ.
ಹಾಲ್ಬೆರಾ ಕೈಗವಸು ಕಳಚಿ ಗೀರಿನೊಳಗೆ ಉಗುರಿಟ್ಟಳು.
"ಈ ಮೈ ಒಳಗಡೆಗಿರಲಿ. ಅವನ ಲೆಕ್ಕ
ಎಷ್ಟಕ್ಕೆ ನಿಂತಿತೋ, ಮಳೆ ಅಳಿಸುವುದು ಬೇಡ."

ಉಳಿದದ್ದು ಬಾಗಿಲು. ಅದಕ್ಕೆ ಎರಡು ದಿನ ಜಗಳ.
ಒಳಗೆ ತೆರೆದರೆ ಜೀಪಿಗೆ ಜಾಗವಿಲ್ಲ,
ಹೊರಗೆ ತೆರೆದರೆ ಪಾದ್ರಿಯ ಆಲೂಗಡ್ಡೆ.
ಪಕ್ಕಕ್ಕೆ ಜಾರುವಂಥದ್ದು ಪಟ್ಟಿಯಲ್ಲಿತ್ತು,
ಏಳನೆಯ ಸಾಲು, ಕಾಫಿ ಕಲೆಯ ಉಂಗುರದೊಳಗೆ.
ಹಾಲ್ಬೆರಾ ಕನ್ನಡಕ ಹಾಕಿಕೊಂಡು ಬೆಲೆ ಓದಿದಳು,
ಮತ್ತೊಮ್ಮೆ ಓದಿದಳು.
ಕೇತಿಲ್ ಆಗ ಏನೂ ಹೇಳಲಿಲ್ಲ. ಒಳ್ಳೆಯ ತಮ್ಮ.
ನಾನು ಬಾಯಿಗೆ ಮೊಳೆ ಹಾಕಿಕೊಂಡೆ.