ಒಳಗಿನ ಎರಡಿಂಚು

ಮಾವಳ್ಳಿಯ ಈ ಸಂದಿಯಲ್ಲಿ ನನ್ನ ಅಂಗಡಿಯ ಅಗಲ
ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು.
ಅಳತೆ ಪುಸ್ತಕ ಅಪ್ಪನ ಕಾಲದ್ದು.
ಅದರಲ್ಲಿ ಸಂಪಂಗಿರಾಮಣ್ಣನಿಗೆ ಒಂದು ಇಡೀ ಹಾಳೆ:
ಮದುವೆಯಲ್ಲಿ ಸೊಂಟ ಇಪ್ಪತ್ತೊಂಬತ್ತು,
ಮಗಳು ಹುಟ್ಟಿದಾಗ ಮೂವತ್ತೆರಡು,
ಕೆಲಸ ಖಾಯಂ ಆದಾಗ ಮೂವತ್ತಾರು.
ಆಮೇಲೆ ನಾನು ಪೆನ್ಸಿಲಿನಲ್ಲಿ ಬರೆಯತೊಡಗಿದೆ.

ಮನುಷ್ಯ ಸೋಮಾರಿಯಲ್ಲ. ಕರೆಂಟಿನ ಮೀಟರು ಓದುವ ಕೆಲಸ.
ದಿನಕ್ಕೆ ಇನ್ನೂರು ಮನೆ. ಮೆಟ್ಟಿಲು, ನಾಯಿ, ಗೇಟು.
ಅದೂ ಸಾಲದೆಂದು ಬೆಳಗಿನ ಐದೂವರೆಗೆ ಲಾಲ್‌ಬಾಗು.
ಬಂಡೆ ಹತ್ತಿ, ಕೆರೆ ಸುತ್ತಿ, ಗೇಟಿನಾಚೆ ನಿಂತು
ಹಾಗಲಕಾಯಿ ರಸ ಕುಡಿದು,
ಕಿವುಚಿದ ಅದೇ ಮುಖದಲ್ಲಿ ನನಗೊಂದು ನಮಸ್ಕಾರ.

‘ಎಣ್ಣೆ ಬಿಡಿ’ ಅಂದಿದ್ದರಂತೆ ಡಾಕ್ಟರು.
ಮನೆಯಲ್ಲಿ ಬಿಟ್ಟರು.
ದೋಸೆ ಕಾವಲಿಗೆ ಕಚ್ಚಿಕೊಂಡಿತು,
ಸಾಸಿವೆ ಸಿಡಿಯುವುದನ್ನೇ ಮರೆಯಿತು,
ಸರಸಮ್ಮ ಬರೀ ನೀರಲ್ಲಿ ಬದನೆಕಾಯಿ ಬೇಯಿಸಿ ಬೇಯಿಸಿ
ತಾನೇ ಎರಡು ಸುತ್ತು ಇಳಿದಳು, ಪಾಪ.
ಇನ್ನೊಂದು ಎಣ್ಣೆಯ ಮಾತು
ಡಾಕ್ಟರು ಕೇಳಲಿಲ್ಲ, ಇವನು ಹೇಳಲಿಲ್ಲ.

ಶನಿವಾರ ರಾತ್ರಿ, ವಿಲ್ಸನ್ ಗಾರ್ಡನ್ನಿನ ಬಾರು.
ಮೊದಲ ಅರವತ್ತು, ವಾರವಿಡೀ ಕಂಡ ಬಿಸಿಲಿಗೆ.
ಎರಡನೆಯದು, ಒಂಬತ್ತನೇ ಕ್ರಾಸಿನ ನಾಯಿ
ಕಚ್ಚದೆ ಬಿಟ್ಟದ್ದಕ್ಕೆ.
ಮೂರನೆಯದಕ್ಕೆ ಕಾರಣ ಬೇಕಾಗುವುದಿಲ್ಲ.
‘ಬ್ರಾಂದಿಯಲ್ಲಿ ಜಿಡ್ಡೆಲ್ಲಿದೆ ಹೇಳಿ? ಬೆರೆಸೋದೂ ಸೋಡ.
ಬೆಳಗ್ಗೆ ಎರಡು ಇಡ್ಲಿ ಕಮ್ಮಿ ತಿಂದಿದ್ದೀನಿ,
ಅಲ್ಲಿಗಲ್ಲಿಗೆ ಸರಿಹೋಯ್ತು.’
ಹೇಳುತ್ತಲೇ ಕಾಂಗ್ರೆಸ್ ಕಡ್ಲೆಕಾಯಿಯ ತಟ್ಟೆ ಖಾಲಿ,
ಕಬಾಬಿನ ಕೆಂಪು ಬೆರಳಿಗೆ,
ಹನ್ನೊಂದಕ್ಕೆ ತಳ್ಳುಗಾಡಿಯ ಎಗ್ ರೈಸು.
ಊರ ಮೀಟರು ಓದುವವನ ಲೆಕ್ಕ!
ನನ್ನ ಟೇಪಿಗೆ ಲೆಕ್ಕ ಬರುವುದಿಲ್ಲ,
ಸುತ್ತುವುದೊಂದೇ ಬರುತ್ತದೆ.

ನರ್ಸು ಓದಿದ ನನ್ನ ತಂಗಿ ಮಗಳು ಹೇಳಿದಳು:
‘ಒಳಗೆ ಹೋದ ಮದ್ಯದ ಕೆಲಸವನ್ನೇ ಮೈ ಮೊದಲು ಮುಗಿಸುತ್ತೆ ಮಾಮ,
ಮಿಕ್ಕಿದ್ದೆಲ್ಲ ಆಮೇಲೆ ಅಂತ ಎತ್ತಿಡುತ್ತೆ.’
ಅರ್ಥವಾಯಿತು.
ನಾಳೆಯೇ ಮುಹೂರ್ತ ಅಂತ ಸೂಟೊಂದು ಬಂದರೆ
ನನ್ನ ಮೆಷಿನ್ನಿನ ಹಿಂದೂ ಹಾಗೇ,
ಬೇರೆಯವರ ಬಟ್ಟೆಯೆಲ್ಲ ಮಡಿಸಿ ಮಡಿಸಿ ಗುಡ್ಡೆ.

ಇವನು ಆಷಾಢದಲ್ಲಿ ಬಿಟ್ಟ.
ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಕಾರ್ತಿಕದ ಒಂದು ಸಂಜೆ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ
ಮೆಟ್ಟಿಲು ಹತ್ತಿ ಬಂದ. ಸುತ್ತಿ ನೋಡಿದೆ.
ಮೂವತ್ತನಾಲ್ಕು. ಇನ್ನೊಮ್ಮೆ ಸುತ್ತಿದೆ.
‘ಹಿಡಿದುಕೊಡಿ ವಿಠೋಬಣ್ಣ. ಆಮೇಲೆ,
ಒಳಗಡೆ ಎರಡಿಂಚು ಬಿಟ್ಟಿರ್ತೀರಲ್ಲ,
ಅದನ್ನ ಕತ್ತರಿಸಿಬಿಡಿ.
ವಾಪಸ್ ಹೋಗೋಕೆ ಬಟ್ಟೆ ಇರಬಾರದು.’

ಅಪ್ಪ ಕಲಿಸಿದ ಮೊದಲ ಪಾಠ ಆ ಎರಡಿಂಚು.
ಹೊಟ್ಟೆಯನ್ನು ನಂಬಿ ಹೊಲಿಯಬೇಡ ಅನ್ನುತ್ತಿದ್ದ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ,
ಶನಿವಾರ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದವನು ನಾನೇ.
ಈಗಲೂ ಕೂರುತ್ತೇನೆ. ಕಡ್ಲೆಕಾಯಿ ಒಬ್ಬನಿಗೆ ಜಾಸ್ತಿ.
ಆ ಪುಸ್ತಕದಲ್ಲಿ ನನ್ನ ಹೆಸರಿಗೆ ಹಾಳೆ ಇಲ್ಲ;
ಟೇಪು ಕುತ್ತಿಗೆಯಲ್ಲೇ ನೇತಾಡುತ್ತದೆ,
ಕೆಳಗಿಳಿದು ಎಷ್ಟೋ ವರ್ಷ.

ಅವನು ಬೆನ್ನು ತಿರುಗಿಸಿ ರಸ್ತೆ ನೋಡುತ್ತಿದ್ದ.
ನಾನು ಗಾಳಿಯಲ್ಲಿ ಕತ್ತರಿ ಆಡಿಸಿದೆ,
ಕಚ ಕಚ, ಎರಡು ಸಲ,
ಬುಟ್ಟಿಗೆ ಯಾರದೋ ಚೂರು ಎಸೆದೆ.
ಆಯ್ತು ನೋಡಿ ಎಂದೆ.
ಇಸ್ತ್ರಿಯ ಕೆಳಗೆ ಆ ಮಡಿಕೆ ಚಪ್ಪಟೆಯಾಗಿ ಮಲಗಿತು.

ಅವನ ಮೇಲಿನ ಕನಿಕರಕ್ಕೋ
ಎದುರಿನ ಖಾಲಿ ಕುರ್ಚಿಗೋ,
ಬೀಗ ಹಾಕುವಾಗೆಲ್ಲ ಕೇಳಿಕೊಳ್ಳುತ್ತೇನೆ.
ನಾಳೆ ಶನಿವಾರ.